ಸಾಂತಾ, ಹ್ಯಾಲೋವೀನ್, ಈಸ್ಟರ್ ಮೊಟ್ಟೆ: ನಮ್ಮೂರಿನ ಕ್ರೈಸ್ತ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಕ್ಟೋಬರ್ ಬಂತು ಅಂದರೆ ಸಾಕು, ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬರಲ್ಲ ಒಬ್ಬರು ನಿಲ್ಲಿಸಿ ಕೇಳುತ್ತಾರೆ. ಅದೇ ಪ್ರಶ್ನೆಗಳು. ಪ್ರತಿ ವರ್ಷ ನಿಂತಲ್ಲೇ ಅರ್ಧ ಉತ್ತರ ಕೊಟ್ಟು ಬರುವ ಬದಲು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ.

ಹೇಳುವ ನೀವು ಯಾರು? ಯಾವ ಸಭೆಯವರು?

ಕೇಳಬೇಕಾದ ಪ್ರಶ್ನೆಯೇ. ನನ್ನ ತವರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ), 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬೇರು, ಮನೆ ಮಾತು ತುಳು. ಗಂಡನ ಮನೆಯವರು ಕ್ಯಾಥೊಲಿಕರು, ಕೊಂಕಣಿ ಮಾತು. ಮಗನಿಗೆ ಹನ್ನೊಂದು, ಮಗಳಿಗೆ ಆರು. ಹಾಗಾಗಿ ನಮ್ಮ ಮನೆಯಲ್ಲಿ ಎರಡೂ ಕಡೆಯ ಪದ್ಧತಿ ಇದೆ, ಎರಡೂ ಕಡೆಯ ಅಜ್ಜಿಯಂದಿರ ಅಭಿಪ್ರಾಯವೂ ಇದೆ. ನಾನು ಪಾದ್ರಿಯಲ್ಲ. ನಿಮ್ಮ ಗುರುಗಳು ಬೇರೆ ಹೇಳಿದರೆ ಮೊದಲು ಅವರ ಹತ್ತಿರ ಮಾತಾಡಿ.

ಮಕ್ಕಳಿಗೆ ಸಾಂತಾ ನಿಜ ಅಂತ ಹೇಳಬೇಕಾ, ಬೇಡವಾ?

ಜಾಸ್ತಿ ಬರುವ ಪ್ರಶ್ನೆ ಇದು. ನನ್ನ ಉತ್ತರ: ಸಾಂತಾ ಇರಲಿ, ಸುಳ್ಳು ಬೇಡ.

ಇದನ್ನು ಕಲಿತದ್ದು ಮಗನಿಂದ. ಅವನಿಗೆ ಐದು ವರ್ಷ ಇದ್ದಾಗ ನಾವೂ ಎಲ್ಲರ ಹಾಗೆ, ಸಾಂತಾ ರಾತ್ರಿ ಬರುತ್ತಾನೆ, ಒಳ್ಳೆಯ ಮಕ್ಕಳಿಗೆ ಮಾತ್ರ ಉಡುಗೊರೆ ಕೊಡುತ್ತಾನೆ ಅಂತ ಹೇಳಿದ್ದೆವು. ಆ ವರ್ಷ ಕ್ಯಾರಲ್ ತಂಡ ಮನೆಗೆ ಬಂತು. ಡ್ರಮ್ ಸದ್ದಿಗೆ ಕುಣಿಯುತ್ತಾ ಪ್ಲಾಸ್ಟಿಕ್ ಮುಖವಾಡದ ಸಾಂತಾ ಜಗಲಿ ಹತ್ತಿದ. ಮಗ ಅವನ ಮುಖ ನೋಡಲಿಲ್ಲ, ಕಾಲು ನೋಡಿದ. ನನ್ನ ತಮ್ಮನ ಚಪ್ಪಲಿಯ ಪಟ್ಟಿಗೆ ನೀಲಿ ದಾರದ ಹೊಲಿಗೆ ಇತ್ತು, ಅದು ಅವನಿಗೆ ಗೊತ್ತಿತ್ತು. ಅವತ್ತು ಏನೂ ಹೇಳಲಿಲ್ಲ. ಚಾಕೊಲೇಟ್ ತೆಗೆದುಕೊಂಡ, ಸುಮ್ಮನಾದ. ಜನವರಿಯಲ್ಲಿ ಒಂದು ಸಂಜೆ ಪ್ರಾರ್ಥನೆಗೆ ಕೂತಾಗ ನಾನು ಕಾನಾ ಊರಿನ ಮದುವೆಯ ಕಥೆ ಹೇಳುತ್ತಿದ್ದೆ, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದು. ಮಧ್ಯದಲ್ಲೇ ನಿಲ್ಲಿಸಿ ತುಳುವಿನಲ್ಲಿ ಕೇಳಿದ: "ಅಮ್ಮ, ಉಂದು ಗೊಬ್ಬಾ, ಸತ್ಯನಾ?" ಇದು ಆಟವಾ, ನಿಜವಾ ಅಂತ.

ಅವನು ತಮಾಷೆಗೆ ಕೇಳಿದ್ದಲ್ಲ. ನಮ್ಮ ಮಾತಿನಲ್ಲಿ ಎರಡು ಥರ ಇದೆ ಅಂತ ಅವನಿಗೆ ಗೊತ್ತಾಗಿತ್ತು, ಯಾವುದು ಯಾವುದು ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಕಾಣದ ಯೇಸುವಿನ ಬಗ್ಗೆ ಹೇಳುವ ಬಾಯಿ ಇದೇ, ಕಣ್ಣಿಗೆ ಕಾಣದ ಸಾಂತಾನ ಬಗ್ಗೆ ಹೇಳಿದ ಬಾಯಿಯೂ ಇದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಒಂದೇ ನಿಯಮ. ಆಟ ಆದರೆ ಆಟ ಅಂತಲೇ ಹೇಳುತ್ತೇವೆ. ಸಾಂತಾ ಗೊಬ್ಬು. ಮಗಳಿಗೆ ಇದು ಎರಡು ವರ್ಷದಿಂದಲೇ ಗೊತ್ತು, ಆದರೂ ಕ್ಯಾರಲ್ ತಂಡ ಬಂದಾಗ ಅವಳೇ ಮೊದಲು ಓಡುತ್ತಾಳೆ. ಯಕ್ಷಗಾನದಲ್ಲಿ ಬಣ್ಣ ಹಚ್ಚಿದವರು ಊರಿನವರೇ ಅಂತ ಗೊತ್ತಿದ್ದರೂ ರಾತ್ರಿ ಇಡೀ ಕೂತು ನೋಡುವ ಜನ ನಾವು, ಗೊತ್ತಿದ್ದರೆ ಖುಷಿ ಕಡಿಮೆ ಆಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. "ಒಳ್ಳೆಯ ಮಕ್ಕಳಿಗೆ ಮಾತ್ರ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ನಮ್ಮ ನಂಬಿಕೆಯಲ್ಲಿ ಕ್ರಿಸ್ಮಸ್ ಅಂದರೆ ಯೋಗ್ಯತೆ ನೋಡದೆ ಸಿಕ್ಕಿದ ಉಡುಗೊರೆ. ಅದೇ ರಾತ್ರಿ ಮಗುವಿಗೆ ಅದರ ತದ್ವಿರುದ್ಧ ಕಲಿಸಿದ ಹಾಗೆ ಆಗುತ್ತದೆ. ಮೇಲಾಗಿ, ಬಡವರ ಮನೆಯ ಮಗುವಿಗೆ ಸಣ್ಣ ಉಡುಗೊರೆ, ಗಲ್ಫಿನಿಂದ ಅಪ್ಪ ಬಂದ ಮನೆಯ ಮಗುವಿಗೆ ದೊಡ್ಡದು. ಆ ಬಡ ಮಗು ತನ್ನ ಬಗ್ಗೆ ಏನು ಅಂದುಕೊಳ್ಳಬೇಕು?

ಹಾಗಾದರೆ ಸಾಂತಾ ಯಾರು ಅಂತ ಕೇಳಿದರೆ?

ಸಂತ ನಿಕೊಲಾಸರ ಕಥೆ ಹೇಳಿ. ನಾಲ್ಕನೇ ಶತಮಾನದಲ್ಲಿ ಮೈರಾ ಊರಿನ ಬಿಷಪ್ ಆಗಿದ್ದವರು. ಆ ಊರು ಈಗಿನ ಟರ್ಕಿಯಲ್ಲಿದೆ. ಅವರ ಹಬ್ಬ ಡಿಸೆಂಬರ್ 6. ಒಬ್ಬ ಬಡ ಅಪ್ಪನಿಗೆ ಮೂರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಹಣ ಇಲ್ಲ, ನಿಕೊಲಾಸರು ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಕಿಟಕಿಯಿಂದ ಚಿನ್ನದ ಗಂಟು ಎಸೆದರು ಅಂತ ಪರಂಪರೆಯ ಕಥೆ. ವರದಕ್ಷಿಣೆಯ ಸಂಕಟ ಅಂದರೆ ಏನು ಅಂತ ನಮ್ಮ ಊರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಡಚ್ಚರು ಅವರನ್ನು ಸಿಂಟರ್‌ಕ್ಲಾಸ್ ಅಂದರು, ಅಮೆರಿಕಕ್ಕೆ ಹೋಗಿ ಆ ಹೆಸರು ಸಾಂತಾ ಕ್ಲಾಸ್ ಆಯಿತು. ಎಂಟು ಹಿಮಸಾರಂಗಗಳ ಗಾಡಿ ಜನಪ್ರಿಯ ಆದದ್ದು 1823ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಬಂದ ಪದ್ಯದಿಂದ. ಕೆಂಪು ಕೋಟು ಕೋಕಾಕೋಲಾ ಕಂಪನಿಯದ್ದು ಅಂತ ತುಂಬಾ ಜನ ಹೇಳುತ್ತಾರೆ, ಅದು ಸರಿಯಲ್ಲ. ಅವರ ಸಾಂತಾ ಚಿತ್ರಗಳು 1931ರಿಂದ ಹೆಸರಾದದ್ದು ಹೌದು, ಆದರೆ ಕೆಂಪು ಕೋಟಿನ ಸಾಂತಾ ಅದಕ್ಕಿಂತ ಮೊದಲೇ ಇದ್ದ.

ನಾವು ಡಿಸೆಂಬರ್ 6ರಂದು ಮನೆಯಲ್ಲಿ ಒಂದು ಕೆಲಸ ಮಾಡುತ್ತೇವೆ. ಮಕ್ಕಳೇ ಯಾರಾದರೂ ಒಬ್ಬರ ಮನೆ ಆರಿಸುತ್ತಾರೆ. ಕತ್ತಲಾದ ಮೇಲೆ ಅವರ ಬಾಗಿಲಲ್ಲಿ ಒಂದು ಚೀಲ ಇಟ್ಟು ಬರುತ್ತೇವೆ. ಅಕ್ಕಿ, ಸಕ್ಕರೆ, ಸೋಪು, ಒಂದು ಕೇಕ್. ಹೆಸರು ಬರೆಯುವುದಿಲ್ಲ. ಯಾರಿಗೆ ಇಟ್ಟೆವು ಅಂತ ಮಕ್ಕಳು ಇಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ನನ್ನ ಮಗು ಶಾಲೆಯಲ್ಲಿ ಬೇರೆ ಮಕ್ಕಳಿಗೆ "ಸಾಂತಾ ಇಲ್ಲ" ಅಂತ ಹೇಳಿಬಿಟ್ಟರೆ?

ಹೇಳುತ್ತದೆ, ಒಮ್ಮೆಯಾದರೂ. ಮೊದಲೇ ಹೇಳಿಕೊಡಿ: "ಅದು ಅವರ ಮನೆಯ ಆಟ. ಅವರ ಆಟ ಕೆಡಿಸಬಾರದು. ಯಾರಾದರೂ ಕೇಳಿದರೆ, ನಿಮ್ಮ ಮಮ್ಮಿ ಹತ್ತಿರ ಕೇಳು ಅನ್ನು." ಮಗಳು ಯುಕೆಜಿಯಲ್ಲಿ ಇದ್ದಾಗ ಒಬ್ಬಳನ್ನು ಅಳಿಸಿದಳು. ನಾನು ಆ ಅಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಅಜ್ಜ ಅಜ್ಜಿಗೆ ಸಾಂತಾ ಬೇಕು. ಅವರ ಹತ್ತಿರ ಹೇಗೆ ಹೇಳುವುದು?

ಮೆಲ್ಲಗೆ, ಮಕ್ಕಳು ಇಲ್ಲದಾಗ, ಗಂಡನ ಮನೆಯವರಾದರೆ ಗಂಡನೇ ಹೇಳಬೇಕು. ಸೊಸೆ ಹೇಳಿದರೆ ಅದು ಸಾಂತಾನ ವಿಷಯವಾಗಿ ಉಳಿಯುವುದಿಲ್ಲ. ನಮ್ಮ ಅತ್ತೆಗೆ ಮೊದಲ ವರ್ಷ ತುಂಬಾ ನೋವಾಯಿತು. ಅವರು ಕೇಳಿದ್ದು ಒಂದೇ, "ಮೊಮ್ಮಗನಿಗೆ ಉಡುಗೊರೆ ಕೊಡಬಾರದಾ ನಾನು?" ಕೊಡಿ ಅತ್ತೆ, ನಿಮ್ಮ ಹೆಸರಿನಲ್ಲೇ ಕೊಡಿ ಅಂದೆ. ಪೆನ್ಷನ್ ದುಡ್ಡಿನಲ್ಲಿ ತಂದದ್ದನ್ನು ಯಾವುದೋ ಗಡ್ಡದವನ ಹೆಸರಿನಲ್ಲಿ ಯಾಕೆ ಕೊಡಬೇಕು? ಅಜ್ಜಿ ಕೊಟ್ಟ ಕ್ರಿಕೆಟ್ ಬ್ಯಾಟು ಅಂತ ಮಗ ಇಂದಿಗೂ ಹೇಳುತ್ತಾನೆ, ಅದು ಕೇಳುವಾಗ ಅವರ ಮುಖ ನೋಡಬೇಕು.

ಕ್ರಿಸ್ಮಸ್ ಮರ, ನಕ್ಷತ್ರ ಎಲ್ಲ ಅನ್ಯರ ಪದ್ಧತಿ, ಡಿಸೆಂಬರ್ 25 ಕೂಡ ಬೈಬಲಿನಲ್ಲಿ ಇಲ್ಲ ಅಂತ ಒಬ್ಬರು ಹೇಳಿದರು. ಹೌದಾ?

ತಾರೀಖು ಬೈಬಲಿನಲ್ಲಿ ಇಲ್ಲ, ಅದು ಹೌದು. ಲೂಕನು ಕುರುಬರು ಹೊಲದಲ್ಲಿ ಇದ್ದರು ಅನ್ನುತ್ತಾನೆ, ತಿಂಗಳು ಹೇಳುವುದಿಲ್ಲ. ರೋಮಿನಲ್ಲಿ ಡಿಸೆಂಬರ್ 25 ಅಂತ ಗುರುತಿಸಿದ ಅತಿ ಹಳೆಯ ದಾಖಲೆ 336ನೇ ಇಸವಿಯದ್ದು. ಮರ ಜರ್ಮನ್ ನಾಡಿನದು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮಾಡಿ ಇಡುವ ಪದ್ಧತಿಯನ್ನು ಜನಪ್ರಿಯ ಮಾಡಿದವರು ಸಂತ ಫ್ರಾನ್ಸಿಸರು, 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ.

ಆದರೆ ಎಲ್ಲಿಂದ ಬಂತು ಅನ್ನುವುದು ಒಂದೇ ಪ್ರಶ್ನೆ ಅಲ್ಲ, ಈಗ ಅದು ಏನು ಹೇಳುತ್ತದೆ ಅನ್ನುವುದೂ ಪ್ರಶ್ನೆಯೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ನೋಡಿ. ಅದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಅದೇ ದಿನ ಹೊಸ ತೆನೆಯ ಆಶೀರ್ವಾದ. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ, ಪೂಜೆ ಮುಗಿದ ಮೇಲೆ ಕಬ್ಬು ಸಿಗುತ್ತದೆ, ಮನೆಯಲ್ಲಿ ಬಾಳೆ ಎಲೆಯಲ್ಲಿ ತರಕಾರಿ ಊಟ. ತೆನೆ ಮನೆಗೆ ತರುವುದು ಈ ಮಣ್ಣಿನ ಎಲ್ಲರ ಪದ್ಧತಿ. ಗಂಡನ ಮನೆಯಲ್ಲಿ ಅದನ್ನು ಕಂಡಾಗ ನನಗೆ ಅನಿಸಿದ್ದು, ದೇವರಿಗೆ ಕೃತಜ್ಞತೆ ಹೇಳುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ ಅಂತ.

ನಕ್ಷತ್ರವೂ ಹಾಗೆಯೇ. ನಾನು ಚಿಕ್ಕವಳಿದ್ದಾಗ ಅಪ್ಪ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಹಾಕಿ, ಮೈದಾ ಅಂಟಿನಲ್ಲಿ ನಕ್ಷತ್ರ ಕಟ್ಟುತ್ತಿದ್ದರು. ಕಡ್ಡಿ ಸೀಳಿ ಕೊಡುತ್ತಿದ್ದದ್ದು ಪಕ್ಕದ ಮನೆಯ ಅಣ್ಣ, ದೀಪಾವಳಿಗೆ ತನ್ನ ಗೂಡುದೀಪ ಕಟ್ಟಿ ಉಳಿದ ಬಿದಿರು ಅದು. ಮರಕ್ಕೆ ಗಾಳಿ ಮರದ ಗೆಲ್ಲು, ಮರಳು ತುಂಬಿದ ಬಕೆಟ್.

ಉಡುಗೊರೆ, ಮಾಲ್, ಸೇಲ್. ಕ್ರಿಸ್ಮಸ್ ಬರೀ ಶಾಪಿಂಗ್ ಆಗಿಬಿಟ್ಟಿದೆ. ಏನು ಮಾಡಲಿ?

ಮಕ್ಕಳ ಕೈಗೆ ಕೆಲಸ ಕೊಡಿ. "ಮಾಲ್ ಬೇಡ" ಅಂದರೆ ಮಗುವಿಗೆ ಬರೀ ಬೇಡ ಅನ್ನುವುದು ಕೇಳುತ್ತದೆ, ಆ ಜಾಗಕ್ಕೆ ಬೇರೆ ಏನಾದರೂ ಬೇಕಲ್ವಾ. ಕ್ರಿಸ್ಮಸ್ಸಿಗೆ ಹತ್ತು ಹನ್ನೆರಡು ದಿನ ಇರುವಾಗ ತಟ್ಟೆಯಲ್ಲಿ ಮಣ್ಣು ಹಾಕಿ ಭತ್ತವೋ ರಾಗಿಯೋ ಬಿತ್ತಿಸಿ. ಅದು ಹಸಿರಾಗಿ ಬಂದದ್ದನ್ನು ಗೋದಲಿಯ ಸುತ್ತ ಇಡಿ, ಗದ್ದೆಯ ಹಾಗೆ ಕಾಣುತ್ತದೆ. ದಿನಾ ನೀರು ಹಾಕುವುದು ಮಕ್ಕಳ ಕೆಲಸ. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯವರೆಗೆ ಇಡಬೇಡಿ. ಆ ಖಾಲಿ ಹುಲ್ಲನ್ನು ನೋಡಿ ನೋಡಿ ಕಾಯುವುದು ಅಂದರೆ ಏನು ಅಂತ ಮಗುವಿಗೆ ಗೊತ್ತಾಗುತ್ತದೆ, ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದ ನಾಲ್ಕು ಭಾನುವಾರದ ಪ್ರಸಂಗಕ್ಕಿಂತ ಜಾಸ್ತಿ.

ಮತ್ತೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳು. ಅಂಗಡಿಯಲ್ಲಿ ಎಲ್ಲ ಸಿಗುತ್ತದೆ ನಿಜ, ಆದರೆ ಒಂದು ಬಗೆಯಾದರೂ ಮನೆಯಲ್ಲಿ ಮಾಡಿ. ಕಿಡಿಯೊ ಮಾಡುವಾಗ ಮುಳ್ಳು ಚಮಚದ ಬೆನ್ನಿನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡುವುದು ಮಕ್ಕಳಿಗೆ ತುಂಬಾ ಇಷ್ಟ. ನೆವ್ರಿ ತುಂಬುವುದು ಸ್ವಲ್ಪ ದೊಡ್ಡವರಿಗೆ. ಎಣ್ಣೆ ಹತ್ತಿರ ಬಿಡಬೇಡಿ. ಆಮೇಲೆ ತಟ್ಟೆಗಳನ್ನು ನೆರೆಮನೆಗಳಿಗೆ ಮಕ್ಕಳೇ ಕೊಂಡು ಹೋಗಲಿ. ನಮ್ಮ ಮಗನಿಗೆ ಕ್ರಿಸ್ಮಸ್ ಅಂದರೆ ಏನು ನೆನಪು ಅಂತ ಕೇಳಿದರೆ ಆಟಿಕೆ ಹೇಳುವುದಿಲ್ಲ, ತಟ್ಟೆ ಹಿಡಿದು ಏಳು ಮನೆ ಸುತ್ತಿದ್ದು ಹೇಳುತ್ತಾನೆ.

ಶಾಲೆಯ "ಕ್ರಿಸ್ಮಸ್ ಫ್ರೆಂಡ್" ಚೀಟಿ ಎತ್ತುವ ಆಟ ಒಳ್ಳೆಯದೇ. ಬೆಲೆಗೆ ಮಿತಿ ಹಾಕಲು ಟೀಚರಿಗೆ ಹೇಳಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹ್ಯಾಲೋವೀನ್ ಮಾಡುತ್ತಾರೆ. ಮಕ್ಕಳನ್ನು ಕಳಿಸಬಹುದಾ?

ಹತ್ತು ವರ್ಷದ ಹಿಂದೆ ಇಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಈಗ ಪ್ಲೇ ಸ್ಕೂಲಿನಿಂದ ಹಿಡಿದು ಫ್ಲ್ಯಾಟಿನವರೆಗೆ ಬಂದಿದೆ.

ಹೆಸರು ನಮ್ಮದೇ. ನವೆಂಬರ್ 1 ಸಕಲ ಸಂತರ ಹಬ್ಬ, ಅದರ ಹಿಂದಿನ ಸಂಜೆ ಅನ್ನುವ ಇಂಗ್ಲಿಷ್ ಮಾತೇ ಸವೆದು ಹ್ಯಾಲೋವೀನ್ ಆಯಿತು. ಐರ್ಲೆಂಡಿನ ಹಳೆಯ ಚಳಿಗಾಲದ ಹಬ್ಬದ ಕೆಲವು ಪದ್ಧತಿಗಳೂ ಸೇರಿಕೊಂಡವು ಅನ್ನುತ್ತಾರೆ. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು, ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು.

ನನ್ನ ಮಕ್ಕಳನ್ನು ನಾನು ಕಳಿಸುವುದಿಲ್ಲ. ಕಾರಣ ದೆವ್ವದ ಹೆದರಿಕೆ ಅಲ್ಲ. ಎರಡು ದಿನ ಬಿಟ್ಟು, ಸತ್ತವರನ್ನು ನೆನೆಯುವ ನವೆಂಬರ್ 2ರಂದು, ನಾವು ಗಂಡನ ಮನೆಯವರ ಜೊತೆ ಸಿಮೆಟ್ರಿಗೆ ಹೋಗುತ್ತೇವೆ. ಅದಕ್ಕಿಂತ ಮೊದಲೇ ಹುಲ್ಲು ಕಿತ್ತು, ಮಾವನವರ ಸಮಾಧಿ ತೊಳೆದು, ಸೇವಂತಿಗೆ ಇಟ್ಟು, ಕ್ಯಾಂಡಲ್ ಹಚ್ಚಿ ನಿಲ್ಲುತ್ತೇವೆ. ಪಾದ್ರಿಗಳು ಸಮಾಧಿಗಳನ್ನು ಆಶೀರ್ವದಿಸುತ್ತಾ ಬರುತ್ತಾರೆ. ಸಿ.ಎಸ್.ಐ. ಮನೆಯಿಂದ ಬಂದ ನನಗೆ ಸತ್ತವರಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ಬೇರೆ ಅಭಿಪ್ರಾಯ ಇದೆ, ಆದರೂ ಹೋಗುತ್ತೇನೆ, ಅವರು ದೇವರ ಹತ್ತಿರ ಇದ್ದಾರೆ ಅಂತ ಕೃತಜ್ಞತೆ ಹೇಳಲು. ಮಗಳು ಅಜ್ಜನ ಹೆಸರನ್ನು ಕಲ್ಲಿನ ಮೇಲೆ ಬೆರಳಿಟ್ಟು ಓದುತ್ತಾಳೆ. ಆ ವಾರವೇ ಸಮಾಧಿ, ಎಲುಬು, ರಕ್ತ ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಆಡುವುದು ನನಗೆ ಸರಿ ಕಾಣುವುದಿಲ್ಲ. ಸಾವು ಅಂದರೆ ಹೆದರುವ ವಿಷಯವೂ ಅಲ್ಲ, ಆಡಿಕೊಳ್ಳುವ ವಿಷಯವೂ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗಬೇಕು.

ನಿಮ್ಮ ಮನೆಯಲ್ಲಿ ಬೇರೆ ತೀರ್ಮಾನ ಇರಬಹುದು. ಚಾಕೊಲೇಟ್ ಹಂಚುವುದು, ಸೂಪರ್‌ಮ್ಯಾನ್ ವೇಷ, ಅಷ್ಟೇ ಆದರೆ ಕಳಿಸುವವರನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಮಗು ಮನೆಯಲ್ಲೇ ಉಳಿದರೆ ಮಾತ್ರ ಆ ಸಂಜೆ ಅದನ್ನು ಒಂಟಿಯಾಗಿ ಕೂರಿಸಬೇಡಿ. ನಾವು ತಣ್ಣೀರುಬಾವಿ ಬೀಚಿಗೆ ಹೋಗುತ್ತೇವೆ, ಬರುವಾಗ ಐಸ್‌ಕ್ರೀಮ್. ಬಾಗಿಲು ತಟ್ಟುವ ಮಕ್ಕಳಿಗೆ ಕೊಡಲು ಅತ್ತೆಯ ಹತ್ತಿರ ಒಂದು ಡಬ್ಬಿ ಚಾಕೊಲೇಟ್ ಇಟ್ಟೇ ಹೋಗುವುದು.

ಈಸ್ಟರ್ ಮೊಟ್ಟೆ ಮತ್ತು ಮೊಲ?

ಮೊಟ್ಟೆ ಧಾರಾಳ ಇರಲಿ. ಹಿಂದೆ ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ಉಪವಾಸದಲ್ಲಿ ಮೊಟ್ಟೆಯನ್ನೂ ಬಿಡುತ್ತಿದ್ದರು, ಈಸ್ಟರಿಗೆ ಮತ್ತೆ ತಿನ್ನುವುದೇ ಸಂಭ್ರಮ. ಮಂಗಳೂರಿನ ಬೇಕರಿಗಳ ಗೋಡಂಬಿ ಮಾರ್ಜಿಪಾನ್ ಮೊಟ್ಟೆ ತಿನ್ನದೆ ನಮಗೆ ಈಸ್ಟರ್ ಆಗುವುದೇ ಇಲ್ಲ. ಮೊಲ ಜರ್ಮನ್ನರ ಮಕ್ಕಳ ಕಥೆ, ನಮಗೆ ಅದರ ಅಗತ್ಯ ಕಾಣಲಿಲ್ಲ. ಶುಭ ಶುಕ್ರವಾರ ಮಕ್ಕಳು ನಿಜವಾಗಿ ಸುಮ್ಮನೆ ಕೂತಿದ್ದರೆ ಭಾನುವಾರಕ್ಕೆ ಮೊಲ ಬೇಕಾಗುವುದಿಲ್ಲ.

ವ್ಯಾಲೆಂಟೈನ್ಸ್ ಡೇ?

ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಹೈಸ್ಕೂಲ್ ಮಕ್ಕಳು ಕೇಳಿದರೆ, ವ್ಯಾಲೆಂಟೈನ್ ಒಬ್ಬ ಹುತಾತ್ಮ ಅಂತ ಹೇಳಿ, ಪ್ರೀತಿಯ ಬಗ್ಗೆ ಮಾತಾಡಲು ಅದನ್ನೇ ನೆಪ ಮಾಡಿಕೊಳ್ಳಿ. ಬೈದರೆ ಮುಂದೆ ಏನನ್ನೂ ಹೇಳುವುದಿಲ್ಲ.

ಅಷ್ಟಮಿಗೆ ಕೃಷ್ಣ ವೇಷ, ದೀಪಾವಳಿ, ಪಕ್ಕದ ಮನೆಯ ಪ್ರಸಾದ?

ಇವು ಸಾಂತಾನ ಹಾಗೆ ಅಲ್ಲ. ಸಾಂತಾ ಯಾರಿಗೂ ದೇವರಲ್ಲ, ಕೃಷ್ಣ ನಮ್ಮ ನೆರೆಯವರಿಗೆ ದೇವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಮಗ ಎಲ್‌ಕೆಜಿಯಲ್ಲಿ ಇದ್ದಾಗ ಕೃಷ್ಣ ವೇಷಕ್ಕೆ ಹೆಸರು ಬಂತು. ನಾನು ಟೀಚರಿಗೆ ಹೇಳಿದೆ: ನಮಗೆ ಇದು ಪೂಜೆಗೆ ಸಂಬಂಧಿಸಿದ್ದು, ಅದಕ್ಕೆ ಬೇಡ, ಆದರೆ ಅವತ್ತು ಉಳಿದ ಮಕ್ಕಳಿಗೆ ನವಿಲುಗರಿ ಕಟ್ಟಲು, ಬಣ್ಣ ಹಚ್ಚಲು ನಾನು ಬರುತ್ತೇನೆ ಅಂತ. ಹೋದೆ. ಅರ್ಧ ಕ್ಲಾಸಿನ ಮಕ್ಕಳ ಅಮ್ಮಂದಿರು ಅವತ್ತಿನಿಂದ ನನ್ನ ಗೆಳತಿಯರು. ವೇಷ ಹಾಕಿಸುವ ಕ್ರೈಸ್ತ ಮನೆಗಳೂ ಇವೆ, ಅವರು ಅದನ್ನು ಶಾಲೆಯ ಕಾರ್ಯಕ್ರಮ ಅಂತ ನೋಡುತ್ತಾರೆ. ನಮ್ಮ ತೀರ್ಮಾನ ನಮ್ಮದು.

ಪಕ್ಕದ ಮನೆಯವರು ಕೊಟ್ಟ ಲಾಡು, ಹೋಳಿಗೆ ಸಂತೋಷದಿಂದ ತಿನ್ನುತ್ತೇವೆ. ಪೂಜೆಯಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ, ಅದು ಅವರಿಗೂ ಗೊತ್ತು, ಅವರು ಯಾವತ್ತೂ ಒತ್ತಾಯ ಮಾಡಿಲ್ಲ. ನೈವೇದ್ಯದ ವಿಷಯ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ ಪೌಲ ಉದ್ದಕ್ಕೆ ಬರೆದಿದ್ದಾನೆ, ಗಂಡ ಹೆಂಡತಿ ಕೂತು ಓದಿ. ಹುಲಿವೇಷದ ತಾಸೆ ಪೆಟ್ಟು ಕೇಳಿದರೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಒಳಗೆ ಉಳಿಯುವುದಿಲ್ಲ. ಗೇಟಿನ ಹತ್ತಿರ ನಿಂತು ನೋಡುತ್ತೇವೆ.

ಒಂದು ವಿನಂತಿ. ಮಗುವಿಗೆ ಕಾರಣ ಹೇಳುವಾಗ ನೆರೆಯವರ ನಂಬಿಕೆಯನ್ನು ಕೀಳು ಮಾಡುವ ಒಂದು ಶಬ್ದವೂ ಬೇಡ. "ನಾವು ಯೇಸುವಿಗೆ ಮಾತ್ರ ಪ್ರಾರ್ಥಿಸುತ್ತೇವೆ" ಅಂದರೆ ಸಾಕು. ಮಗು ಅದೇ ಶಬ್ದವನ್ನು ನಾಳೆ ಬಸ್ಸಿನಲ್ಲಿ ಹೇಳುತ್ತದೆ.

ನಮ್ಮ ಸಭೆಯಲ್ಲಿ ಕ್ರಿಸ್ಮಸ್ಸೇ ಬೇಡ ಅನ್ನುತ್ತಾರೆ. ಅವರು ತಪ್ಪಾ?

ಹೊಸ ವಾದ ಅಲ್ಲ ಅದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಪ್ಯೂರಿಟನ್ ಕ್ರೈಸ್ತರು 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕುವ ಕಾನೂನು ಇಟ್ಟಿದ್ದರು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆ ಆದದ್ದು 1958ರಲ್ಲಿ. ಅವರೂ ಯೇಸುವನ್ನು ಪ್ರೀತಿಸಿದವರೇ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ, ದಿನಗಳನ್ನು ವಿಶೇಷ ಮಾಡುವವನೂ ಮಾಡದವನೂ ಕರ್ತನಿಗಾಗಿಯೇ ಹಾಗೆ ಮಾಡಲಿ, ಒಬ್ಬರನ್ನೊಬ್ಬರು ತೀರ್ಪು ಮಾಡುವುದು ಬೇಡ ಅನ್ನುವ ಅರ್ಥದ ಮಾತಿದೆ. ಅಂಥ ಮನೆಯ ಇಬ್ಬರು ಮಕ್ಕಳು ನನ್ನ ಮಗನ ಕ್ಲಾಸಿನಲ್ಲಿ ಇದ್ದಾರೆ. ಕುಸ್ವಾರ್ ತಟ್ಟೆಯನ್ನು ಅವರ ಮನೆಗೆ ಡಿಸೆಂಬರ್ 25ಕ್ಕೆ ಕಳಿಸುವುದಿಲ್ಲ, ಜನವರಿಯ ಯಾವುದಾದರೂ ಶನಿವಾರ ಕಳಿಸುತ್ತೇನೆ.

ಗಂಡ ಒಂದು ಹೇಳುತ್ತಾರೆ, ನಾನು ಒಂದು. ಈಗ?

ಮಕ್ಕಳ ಮುಂದೆ ವಾದ ಮಾಡಬೇಡಿ. ಇಬ್ಬರಲ್ಲಿ ಯಾರ ಮನಸ್ಸಿಗೆ ಜಾಸ್ತಿ ಚುಚ್ಚುತ್ತದೋ ಅವರ ಮಾತು ಒಂದು ವರ್ಷ ನಡೆಯಲಿ, ಮುಂದಿನ ವರ್ಷ ಮತ್ತೆ ಕೂತು ನೋಡಿ. ಡಿಸೆಂಬರ್ 31ರ ವಿಷಯದಲ್ಲಿ ನಾವು ಹಾಗೆಯೇ ಮಾಡಿದ್ದು. ಅವರಿಗೆ ಗೆಳೆಯರ ಪಾರ್ಟಿ ಬೇಕಿತ್ತು, ನನಗೆ ರಾತ್ರಿ ಆರಾಧನೆ. ಈಗ ಆರಾಧನೆ ಮುಗಿಸಿ ಅವರ ಗೆಳೆಯರೆಲ್ಲ ನಮ್ಮ ಮನೆಗೇ ಬರುತ್ತಾರೆ, ಗಂಜಿ ಚಟ್ನಿ ಊಟ.

ಈಗಾಗಲೇ ಸಾಂತಾ ನಿಜ ಅಂತ ಹೇಳಿಬಿಟ್ಟಿದ್ದೇವೆ. ಮಗನಿಗೆ ಆರು ವರ್ಷ. ಹೇಗೆ ಹಿಂದೆ ಬರುವುದು?

ಡಿಸೆಂಬರಿನಲ್ಲಿ ಮಾತ್ರ ಹೇಳಬೇಡಿ, ಆಗ ಹಬ್ಬವೇ ಕೆಟ್ಟ ಹಾಗೆ ಆಗುತ್ತದೆ. ಮೊಂತಿ ಹಬ್ಬ ಮುಗಿದ ವಾರ ಒಳ್ಳೆಯದು, ಮಳೆ ಕಡಿಮೆ ಆಗಿರುತ್ತದೆ, ಸಂಜೆ ನಡೆಯಲು ಕರೆದುಕೊಂಡು ಹೋಗಿ. ಅಪ್ಪ ಅಮ್ಮ ಇಬ್ಬರೂ ಇರಿ. ಹೀಗೆ ಹೇಳಿ: "ಸಾಂತಾ ಅಂತ ಉಡುಗೊರೆ ಇಡುತ್ತಿದ್ದದ್ದು ನಾವು. ಅದು ಆಟ. ಆಟ ಅಂತ ನಿನಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಸಾರಿ ಮಗಾ." ಆಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಕೆಲವು ಮಕ್ಕಳು ಅಳುತ್ತಾರೆ, ಕೆಲವರು "ನನಗೆ ಗೊತ್ತಿತ್ತು" ಅನ್ನುತ್ತಾರೆ. ಯೇಸುವಿನ ಬಗ್ಗೆ ಅವತ್ತೇ ಕೇಳಿದರೆ ಉತ್ತರ ಕೊಡಿ, ಕೇಳದಿದ್ದರೆ ನೀವಾಗಿ ಎಳೆಯಬೇಡಿ. ಅದು ಬರುತ್ತದೆ, ಒಂದು ವಾರಕ್ಕೋ ಒಂದು ತಿಂಗಳಿಗೋ, ಹೆಚ್ಚಾಗಿ ರಾತ್ರಿ ಲೈಟ್ ಆರಿಸಿದ ಮೇಲೆ. ಆಗ ಎಷ್ಟೇ ಸುಸ್ತಾಗಿದ್ದರೂ ಎದ್ದು ಕೂತು ಮಾತಾಡಿ.